ಸುರಂಗದೊಳಗೆ ದಿಕ್ಕು ಹಿಡೀಲಿಕ್ಕೆ 180 ರೂಪಾಯಿಯ ಸೆನ್ಸರ್: ಜಿವೈ-521 ಬೋರ್ಡ್, ಮೂರು ತಿಂಗಳ ಅನುಭವ

ಸ್ವಲ್ಪ ಉದ್ದ ಆಗ್ತದೆ, ಯಾಕೆಂದ್ರೆ ಈ ಬೋರ್ಡಿನ ಬಗ್ಗೆ ಕನ್ನಡದಲ್ಲಿ ಹುಡುಕಿದಾಗ ನನಗೆ ಬೇಕಾದ್ದು ಎಂತದೂ ಸಿಗ್ಲಿಲ್ಲ. ಸಿಕ್ಕಿದ್ದೆಲ್ಲ ಡ್ರೋನ್ ಹಾರಿಸುವವರಿಗೆ, ಇಲ್ಲದಿದ್ರೆ ಎರಡು ಚಕ್ರದ ರೋಬೋಟನ್ನು ಬೀಳದ ಹಾಗೆ ನಿಲ್ಲಿಸುವ ಕಾಲೇಜು ಪ್ರಾಜೆಕ್ಟಿಗೆ. ನನಗೆ ಬೇಕಾಗಿದ್ದದ್ದು ಒಂದು ಸುರಂಗದ ದಾರಿ ಗುರುತು ಮಾಡ್ಲಿಕ್ಕೆ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ರ. ತೋಟದ ಮೇಲಿನ ಗುಡ್ಡೆಯಲ್ಲಿ ಅಜ್ಜನ ಕಾಲದಲ್ಲಿ ತೋಡಿದ ಸುರಂಗ ಉಂಟು, ಈ ಕಡೆಯವರಿಗೆ ವಿವರಿಸ್ಬೇಕಿಲ್ಲ, ದೂರದವರಿಗೆ ಹೇಳುವುದಾದ್ರೆ ಗುಡ್ಡೆಯ ಬದಿಯಿಂದ ಅಡ್ಡಕ್ಕೆ ಮುರಕಲ್ಲು (ಜಂಬಿಟ್ಟಿಗೆ) ಕೊರೆದು ನೀರಿನ ಒರತೆ ಸಿಗುವವರೆಗೆ ಒಳಗೆ ಹೋಗುವುದು, ಒಬ್ಬ ಮನುಷ್ಯ ಸ್ವಲ್ಪ ಬಗ್ಗಿ ನಡೆಯುವಷ್ಟು ಜಾಗ, ಪಂಪು ಬೇಡ, ಕರೆಂಟು ಬೇಡ, ನೀರು ತಾನೇ ಇಳಿದು ಬರ್ತದೆ. ಹಿಂದೆ ಸೀಳಿದ ಅಡಿಕೆ ಮರದ ದಂಬೆಯಲ್ಲಿ ಮದಕಕ್ಕೆ, ಅಂದ್ರೆ ನೀರು ನಿಲ್ಲಿಸುವ ಸಣ್ಣ ಕೆರೆಗೆ, ಬರ್ತಿತ್ತು, ಈಗ ಪಿವಿಸಿ ಪೈಪು. ನೀರಿನ ಬಗ್ಗೆ ಬರೆಯುವ ಪತ್ರಕರ್ತ ಶ್ರೀ ಪಡ್ರೆಯವರು ಈ ಸುರಂಗಗಳ ಬಗ್ಗೆ ವರ್ಷಗಟ್ಟಲೆ ಬರೆದದ್ದರಿಂದ ಹೊರಗಿನವರಿಗೂ ಗೊತ್ತಾಗಿದೆ, ಆದ್ರೆ ನಮ್ಮದೇ ಸುರಂಗ ಗುಡ್ಡೆಯ ಅಡಿಯಲ್ಲಿ ಎಲ್ಲಿಂದ ಎಲ್ಲಿಗೆ ಹೋಗ್ತದೆ ಎಂದು ನಮಗೇ ಗೊತ್ತಿರ್ಲಿಲ್ಲ. ಈ ವರ್ಷ ಆಚೆಮನೆಯವರು ಗುಡ್ಡೆಯ ಮೇಲೆ ಹೊಸ ಮನೆ ಕಟ್ಟುವ ತಯಾರಿ ಮಾಡಿದ್ರು, ಬೋರ್‌ವೆಲ್ಲಿಗೆ ಪಾಯಿಂಟ್ ಹಾಕಿಸಿದ್ರು, ಪಾಯಿಂಟಿಗೆ ಗೂಟ ಕೂಡ ಹೊಡೆದಾಯ್ತು. ಆ ಗೂಟ ನೋಡಿದ ದಿನದಿಂದ ಅಪ್ಪನಿಗೆ ನಿದ್ದೆ ಇಲ್ಲ. ಬೋರು ಸರೀ ಸುರಂಗದ ಮೇಲೇ ಇಳಿದ್ರೆ ನಮ್ಮ ಒರತೆ ಮುಗೀತು, ಅವರ ಬೋರಿಗೂ ಕೆಸರು. ಅವರು ಒಳ್ಳೆಯ ಜನ, ಸುರಂಗ ಎಲ್ಲುಂಟು ತೋರಿಸಿ, ನಾವು ಪಾಯಿಂಟ್ ಬದಲಿಸ್ತೇವೆ ಎಂದ್ರು. ತೋರಿಸುವುದು ಹೇಗೆ? ಅಪ್ಪನನ್ನು ಕೇಳಿದ್ರೆ "ಸುರುವಿಂಗೆ ಸೀದಾ, ಮತ್ತೆ ಬಲಕ್ಕೆ ತಿರುಗುತ್ತು, ಅಲ್ಲಿಂದ ಎಲ್ಲಿಗೆ ಹೇಳಿ ಎನಗೂ ಸರೀ ಗೊಂತಿಲ್ಲೆ ಮಗಾ" ಎಂದ್ರು.

ನಾನು ಪೇಟೆಯಲ್ಲಿ ಟಿವಿ, ಮೊಬೈಲ್ ರಿಪೇರಿ ಮಾಡುವವ, ಸೋಲ್ಡರಿಂಗ್ ಐರನ್ ದಿನಾ ಕೈಯಲ್ಲಿ ಇರ್ತದೆ. ಜಿಪಿಎಸ್ ಒಳಗೆ ಸಿಗುವುದಿಲ್ಲ, ಅಷ್ಟು ಮಣ್ಣು ಕಲ್ಲು ದಾಟಿ ಉಪಗ್ರಹದ ಸಿಗ್ನಲ್ ಬರುವುದಿಲ್ಲ. ಫೋನಿನ ದಿಕ್ಸೂಚಿ ಹಿಡ್ಕೊಂಡು ಹೋಗಿ ನೋಡಿದೆ, ಒಂದೇ ಜಾಗದಲ್ಲಿ ಎರಡು ಸಲ ಎರಡು ಥರ ತೋರಿಸ್ತು, ಟಾರ್ಚು ಹತ್ರ ಬಂದ್ರೆ ಒಂದು ಕಡೆ, ಭಾವನ ಕೈಲಿದ್ದ ಪಿಕ್ಕಾಸು ಹತ್ರ ಬಂದ್ರೆ ಇನ್ನೊಂದು ಕಡೆ, ಮುರಕಲ್ಲಿನಲ್ಲೇ ಕಬ್ಬಿಣದ ಅಂಶ ಬೇಕಾದಷ್ಟು ಉಂಟು, ಹಾಗಾಗಿ ಅದನ್ನು ನಂಬುವ ಧೈರ್ಯ ಬರ್ಲಿಲ್ಲ. ಆಗ ನೆನಪಾದದ್ದು ಜೈರೋ, ಅಂದ್ರೆ ಎಷ್ಟು ತಿರುಗಿತು ಎಂದು ಅಳೆಯುವ ಸೆನ್ಸರ್. ಕಾರುಗಳು ಸುರಂಗ ರಸ್ತೆಯಲ್ಲಿ ಜಿಪಿಎಸ್ ಇಲ್ಲದೆಯೂ ಮ್ಯಾಪ್ ತೋರಿಸ್ತವಲ್ಲ, ಅದೇ ವಿದ್ಯೆ. 1981ರಲ್ಲೇ ಹೋಂಡಾದವರು ಉಪಗ್ರಹದ ಸಹಾಯ ಇಲ್ಲದೆ, ಗ್ಯಾಸ್ ತುಂಬಿದ ಜೈರೋ ಇಟ್ಟು, ಪಾರದರ್ಶಕ ಹಾಳೆಯ ಮ್ಯಾಪನ್ನು ಪರದೆ ಮೇಲೆ ಇಟ್ಟು ಕಾರಿಗೆ ದಾರಿ ತೋರಿಸಿದ್ರು. ಆಗ ಅದು ಕಾರಿನೊಂದಿಗೆ ಕೊಳ್ಳುವ ದುಬಾರಿ ಸಾಮಾನು. ಈಗ ಅದೇ ಕೆಲಸದ ಚಿಪ್ಪು ಒಂದು ಊಟದ ದುಡ್ಡಿಗೆ ಸಿಗ್ತದೆ.

ಬೋರ್ಡಿನ ಹೆಸರು ಜಿವೈ-521, ಅದರ ಮೇಲೆ ಕೂತಿರುವ ಚಿಪ್ಪು ಇನ್ವೆನ್ಸೆನ್ಸ್ ಕಂಪೆನಿಯ ಎಂಪಿಯು-6050. ಆ ಕಂಪೆನಿಯನ್ನು 2017ರಲ್ಲಿ ಜಪಾನಿನ ಟಿಡಿಕೆ ತಗೊಂಡಿತು. ಚಿಪ್ಪು 4 ಮಿ.ಮೀ. ಉದ್ದ, 4 ಮಿ.ಮೀ. ಅಗಲ, ದಪ್ಪ 0.9 ಮಿ.ಮೀ., ಅಂದ್ರೆ ಒಂದು ತೊಗರಿ ಬೇಳೆ ಲೆಕ್ಕ. ಅಷ್ಟರೊಳಗೆ ಮೂರು ದಿಕ್ಕಿನ ಜೈರೋ, ವೇಗದ ಬದಲಾವಣೆ ಅಳೆಯುವ ಮೂರು ದಿಕ್ಕಿನ ಆಕ್ಸಿಲರೋಮೀಟರ್, ಒಂದು ಉಷ್ಣತೆ ಅಳೆಯುವ ಸೆನ್ಸರ್, ಎಲ್ಲ ಉಂಟು. ನಾನು ಕೊಟ್ಟದ್ದು 180 ರೂಪಾಯಿ, ಕೊರಿಯರ್ ಬೇರೆ.

ಮೊದಲು ತರಿಸಿದ್ದು ಸರಿ ಬರ್ಲಿಲ್ಲ, ಅದನ್ನು ಮೊದಲೇ ಹೇಳಿ ಬಿಡ್ತೇನೆ. ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದೆ, ಹೆಸರು ಬೇಡ. ನೋಡ್ಲಿಕ್ಕೆ ಬೋರ್ಡು ಚೆನ್ನಾಗೇ ಇತ್ತು, ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ, ಸೆನ್ಸರ್ ಓದುವ ರೆಡಿಮೇಡ್ ಪ್ರೋಗ್ರಾಂ (ಲೈಬ್ರರಿ) ಓಡಿಸಿದ್ರೆ ಕನೆಕ್ಷನ್ ಇಲ್ಲ ಎಂದು ಬರ್ತಿತ್ತು. ವಯರು ಬದಲಿಸಿದೆ, ಸೋಲ್ಡರ್ ತೆಗೆದು ಪುನಃ ಹಾಕಿದೆ, ಎರಡು ರಾತ್ರಿ ಹೋಯ್ತು. ಕೊನೆಗೆ ಗೊತ್ತಾದದ್ದು, ಈ ಚಿಪ್ಪಿಗೆ 'ನೀನು ಯಾರು' ಎಂದು ಕೇಳುವ ಒಂದು ರಿಜಿಸ್ಟರ್ (ಚಿಪ್ಪಿನೊಳಗೆ ನಂಬರು ಇಡುವ ಜಾಗ) ಉಂಟು, ಅಸಲಿ ಎಂಪಿಯು-6050 ಆದ್ರೆ ಹೆಕ್ಸಿನಲ್ಲಿ (ಹದಿನಾರರ ಎಣಿಕೆಯಲ್ಲಿ) 68 ಎಂದು ಉತ್ತರ ಕೊಡ್ಬೇಕು, ನನಗೆ ಬಂದದ್ದು ಬೇರೆಯೇ ನಂಬರು. ಮೇಲೆ ಹೆಸರು ಮಾತ್ರ ಎಂಪಿಯು-6050, ಒಳಗೆ ಇನ್ಯಾವುದೋ. ವಾಪಸು ಕೇಳಿದ್ದಕ್ಕೆ ಎಲೆಕ್ಟ್ರಾನಿಕ್ಸ್ ಸಾಮಾನು ವಾಪಸು ತಗೊಳ್ಳುವುದಿಲ್ಲ ಎಂದ್ರು. 180 ರೂಪಾಯಿ ಹೋದದ್ದಕ್ಕಿಂತ ಎರಡು ರಾತ್ರಿ ಹೋದದ್ದು ನನಗೆ ಹೆಚ್ಚು ಬೇಜಾರು. ಹಾಗಾಗಿ ಬೋರ್ಡು ಕೈಗೆ ಸಿಕ್ಕಿದ ಕೂಡ್ಲೇ, ಬೇರೆ ಎಂತದೂ ಮಾಡುವ ಮೊದಲು, ಆ ರಿಜಿಸ್ಟರನ್ನು ಓದಿ. ಇದು ಹತ್ತು ವರ್ಷಕ್ಕಿಂತ ಹಳೆಯ ಚಿಪ್ಪು, ಎಲ್ಲ ಕಡೆ ಇದಕ್ಕೇ ಪ್ರೋಗ್ರಾಂ ಬರೆದು ಇಟ್ಟಿದ್ದಾರೆ, ಹಾಗಾಗಿ ಬೇಡಿಕೆ ಇನ್ನೂ ಉಂಟು, ನಕಲಿಗಳು ಬರುವುದೂ ಅದಕ್ಕೇ. ಎರಡನೇ ಸಲ ಬೇರೆ ಕಡೆಯಿಂದ ತರಿಸಿದೆ, 68 ಬಂತು, ಈ ರಿವ್ಯೂ ಆ ಬೋರ್ಡಿನದ್ದು.

ಪಿನ್ನುಗಳು ಬೋರ್ಡಿನ ಜೊತೆ ಬಿಡಿಯಾಗಿ ಬರ್ತವೆ, ನಾವೇ ಸೋಲ್ಡರ್ ಮಾಡ್ಬೇಕು. ಎಂಟು ಪಿನ್ನು, ನಮಗೆ ಬೇಕಾಗುವುದು ನಾಲ್ಕೇ, ಪವರು ಎರಡು, ಡೇಟಾ ಒಂದು, ಕ್ಲಾಕ್ ಒಂದು. ಪಿನ್ನು ಓರೆ ನಿಂತ್ರೆ ಬೋರ್ಡೂ ಓರೆ ಕೂರ್ತದೆ, ನಮ್ಮ ಕೆಲಸಕ್ಕೆ ಅದು ಆಗುವುದಿಲ್ಲ. ನಾನು ಬ್ರೆಡ್‌ಬೋರ್ಡಿನಲ್ಲಿ ಪಿನ್ನು ಚುಚ್ಚಿ ನಿಲ್ಲಿಸಿ, ಮೇಲೆ ಬೋರ್ಡು ಇಟ್ಟು, ಮೊದಲು ಎರಡು ತುದಿ ಮಾತ್ರ ಸೋಲ್ಡರ್ ಮಾಡಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಮತ್ತೆ ಉಳಿದದ್ದು ಮಾಡಿದೆ. ಪವರು ಕೊಟ್ಟ ಕೂಡ್ಲೇ ಚಿಪ್ಪು ಕೆಲಸ ಶುರು ಮಾಡುವುದಿಲ್ಲ, ನಿದ್ದೆಯಲ್ಲೇ ಇರ್ತದೆ, ಒಂದು ರಿಜಿಸ್ಟರಿಗೆ ಸೊನ್ನೆ ಬರೆದು ಎಬ್ಬಿಸ್ಬೇಕು, ಇಲ್ಲದಿದ್ರೆ ಎಲ್ಲ ರೀಡಿಂಗೂ ಸೊನ್ನೆ ಬರ್ತದೆ, ಚಿಪ್ಪು ಹಾಳು ಎಂದು ಗಾಬರಿ ಆಗ್ಬೇಡಿ.

ಇನ್ನು ಒಳಗೆ ಎಂತ ನಡೀತದೆ ಎಂಬುದು, ಇದು ಗೊತ್ತಾದ ಮೇಲೆ ನನಗೆ ಈ ಚಿಪ್ಪಿನ ಮೇಲೆ ಗೌರವ ಜಾಸ್ತಿ ಆಯ್ತು. ಹಳೇ ಕಾಲದ ಜೈರೋ ಅಂದ್ರೆ ಗಿರಗಿರ ತಿರುಗುವ ಚಕ್ರ, ಚಂದ್ರನ ಮೇಲೆ ಹೋದ ಅಪೊಲೊ ನೌಕೆಯಲ್ಲಿ ಅಂಥದ್ದು ಮೂರು ಜೈರೋ ಒಂದು ಅಡಿ ಅಗಲದ ಗೋಳದೊಳಗೆ ಇತ್ತು. ಇದರಲ್ಲಿ ತಿರುಗುವ ಭಾಗ ಎಂತದೂ ಇಲ್ಲ. ಸಿಲಿಕಾನಿನಲ್ಲೇ ಕೆತ್ತಿದ ಪುಟ್ಟ ತೂಕ, ತೆಳ್ಳಗಿನ ಸಿಲಿಕಾನ್ ಸ್ಪ್ರಿಂಗಿನಲ್ಲಿ ನೇತಾಡಿಕೊಂಡು ಸೆಕೆಂಡಿಗೆ ಸುಮಾರು 30 ಸಾವಿರ ಸಲ ಆಚೆ ಈಚೆ ನಡುಗ್ತಾ ಇರ್ತದೆ. ತಿರುಗುವ ಹಲಗೆಯ ಮೇಲೆ ನಡುವಿನಿಂದ ಅಂಚಿಗೆ ನಡೆದು ನೋಡಿ, ಯಾರೋ ಬದಿಗೆ ದೂಡಿದ ಹಾಗೆ ಆಗ್ತದೆ, ಫ್ರಾನ್ಸಿನ ಕೊರಿಯೊಲಿಸ್ 1835ರಲ್ಲಿ ಲೆಕ್ಕ ಹಾಕಿ ಹೇಳಿದ್ದು ಅದನ್ನೇ. ಬೋರ್ಡು ತಿರುಗಿದಾಗ ಒಳಗೆ ನಡುಗುವ ತೂಕಕ್ಕೂ ಹಾಗೆಯೇ ಬದಿಗೆ ತಳ್ಳಿದ ಹಾಗೆ ಆಗ್ತದೆ, ಆ ಚೂರೇ ಚೂರು ಸರಿದದ್ದನ್ನು ಕೆಪಾಸಿಟರಿನ ವ್ಯತ್ಯಾಸವಾಗಿ ಅಳೆದು ನಂಬರು ಮಾಡಿ ಕೊಡ್ತದೆ. ಕೆಪಾಸಿಟರ್ ಅಂದ್ರೆ ನಾನು ದಿನಾ ಟಿವಿ ಬೋರ್ಡಿನಿಂದ ಕಿತ್ತು ಬದಲಿಸುವ ಸಾಮಾನು, ಅದೇ ತತ್ವದಿಂದ ಗುಡ್ಡೆಯೊಳಗಿನ ತಿರುವು ಅಳೀಲಿಕ್ಕೆ ಆಗ್ತದೆ ಎಂದು ಯೋಚನೆ ಮಾಡಿದಾಗ ಖುಷಿ ಆಗ್ತದೆ. ಇಂಥ ಪುಟ್ಟ ಆಕ್ಸಿಲರೋಮೀಟರುಗಳು 1990ರ ದಶಕದಲ್ಲಿ ಕಾರಿನ ಏರ್‌ಬ್ಯಾಗಿಗಾಗಿ ದೊಡ್ಡ ಸಂಖ್ಯೆಯಲ್ಲಿ ತಯಾರಾಗ್ಲಿಕ್ಕೆ ಶುರು ಆದದ್ದು, ಜೈರೋ ಫೋನಿಗೆ ಬಂದದ್ದು 2010ರ ಐಫೋನ್ 4ರಲ್ಲಿ, ಅಲ್ಲಿಂದ ಮೇಲೆ ರೇಟು ಇಳೀತಾ ಬಂತು.

ಈಗ ನಾನು ಮಾಡಿದ ತಪ್ಪು ಲೆಕ್ಕಾಚಾರ. ಆಕ್ಸಿಲರೋಮೀಟರ್ ವೇಗ ಎಷ್ಟು ಬದಲಾಯ್ತು ಹೇಳ್ತದೆ, ಅದನ್ನು ಕೂಡಿಸ್ತಾ ಹೋದ್ರೆ ವೇಗ, ವೇಗ ಕೂಡಿಸ್ತಾ ಹೋದ್ರೆ ದೂರ, ಹಾಗಾಗಿ ಬೋರ್ಡನ್ನು ಜೇಬಿಗೆ ಹಾಕ್ಕೊಂಡು ಸುರಂಗದಲ್ಲಿ ನಡೆದು ಬಂದ್ರೆ ದಾರಿ ತಾನೇ ಬರ್ತದೆ ಎಂದು ಎಣಿಸಿದ್ದೆ. ಪುಸ್ತಕದಲ್ಲಿ ಸರಿ. ಅಂಗಡಿಯ ಮೇಜಿನ ಮೇಲೆ ಬೋರ್ಡು ಇಟ್ಟು, ಮುಟ್ಟದೆ, ಪ್ರೋಗ್ರಾಂ ಓಡಿಸಿದೆ. ಹತ್ತು ನಿಮಿಷದಲ್ಲಿ ಬೋರ್ಡು ಕಿಲೋಮೀಟರುಗಟ್ಟಲೆ ದೂರ ಹೋಗಿದೆ ಎಂದು ತೋರಿಸ್ತಿತ್ತು, ಅದು ಮೇಜಿನ ಮೇಲೆಯೇ ಉಂಟು. ಲೆಕ್ಕ ಹಾಕಿ ನೋಡಿ. ಭೂಮಿಯ ಗುರುತ್ವದ ಸಾವಿರದಲ್ಲಿ ಒಂದು ಪಾಲಿನಷ್ಟು ತಪ್ಪು ರೀಡಿಂಗ್ ಇದ್ರೆ, ಅದು ಇಂಥ ಸೆನ್ಸರಿಗೆ ತುಂಬಾ ಸಣ್ಣ ತಪ್ಪು, 10 ಸೆಕೆಂಡಿನಲ್ಲಿ ಅರ್ಧ ಮೀಟರ್ ತಪ್ಪುತ್ತದೆ, ಒಂದು ನಿಮಿಷಕ್ಕೆ 17 ಮೀಟರ್ ಮೇಲೆ, 10 ನಿಮಿಷಕ್ಕೆ 1.7 ಕಿಲೋಮೀಟರ್ ಮೇಲೆ. ಸಮಯ ಹತ್ತು ಪಟ್ಟು ಆದ್ರೆ ತಪ್ಪು ನೂರು ಪಟ್ಟು ಆಗ್ತದೆ. ಇನ್ನೂ ಒಂದು ಕಷ್ಟ ಉಂಟು, ಬೋರ್ಡು ಎಷ್ಟು ಓರೆಯಾಗಿದೆ ಎಂದು ತಿಳ್ಕೊಳ್ಳುವುದರಲ್ಲಿ ಒಂದೇ ಡಿಗ್ರಿ ತಪ್ಪಿದ್ರೂ ಗುರುತ್ವದ ಒಂದು ಪಾಲು ಅಡ್ಡಕ್ಕೆ ಓಡಿದ ಹಾಗೆ ಕಾಣ್ತದೆ, 10 ಸೆಕೆಂಡಿಗೆ ಎಂಟು ಮೀಟರಿಗಿಂತ ಹೆಚ್ಚು. ಹಾಗಾಗಿ ದೂರ ಅಳೀಲಿಕ್ಕೆ ಈ ಬೋರ್ಡು ತಗೊಳ್ಬೇಡಿ, ಯಾರು ಎಷ್ಟು ಚಂದದ ವೀಡಿಯೋ ಮಾಡಿ ತೋರಿಸಿದ್ರೂ ತಗೊಳ್ಬೇಡಿ. ದೂರ ಟೇಪಿನಲ್ಲಿ ಅಳೆಯಿರಿ.

ಆದ್ರೆ ತಿರುವು ಅಳೀಲಿಕ್ಕೆ? ಅದಕ್ಕೆ ಇದು ನಿಜವಾಗಿ ಒಳ್ಳೆಯದು. ಅಲ್ಲಿ ಒಂದೇ ಸಲ ಕೂಡಿಸುವುದು, ಹಾಗಾಗಿ ತಪ್ಪು ಅಷ್ಟು ಜೋರಾಗಿ ಬೆಳೆಯುವುದಿಲ್ಲ. ಹಾಗೆಂದು ಪೆಟ್ಟಿಗೆಯಿಂದ ತೆಗೆದ ಕೂಡ್ಲೇ ಸರಿ ಇರ್ತದೆ ಎಂದಲ್ಲ. ಸೆಕೆಂಡಿಗೆ 250 ಡಿಗ್ರಿಯ ರೇಂಜಿಗೆ ಇಟ್ರೆ 131 ಎಣಿಕೆ ಅಂದ್ರೆ ಸೆಕೆಂಡಿಗೆ ಒಂದು ಡಿಗ್ರಿ. ನನ್ನ ಬೋರ್ಡು ಮೇಜಿನ ಮೇಲೆ ಸುಮ್ಮನೆ ಕೂತಿದ್ದಾಗ 170ರ ಹತ್ರ ತೋರಿಸ್ತಿತ್ತು. ಅಂದ್ರೆ ಸೆಕೆಂಡಿಗೆ 1.3 ಡಿಗ್ರಿ ತಿರುಗ್ತಾ ಉಂಟು ಎಂದು ಅದರ ಲೆಕ್ಕ, ಹಾಗೇ ಬಿಟ್ರೆ ಒಂದು ನಿಮಿಷಕ್ಕೆ 78 ಡಿಗ್ರಿ. ಕಂಪೆನಿ ಕೊಡುವ ವಿವರದ ಹಾಳೆಯಲ್ಲಿ (ಡೇಟಾಶೀಟ್) ಸೆಕೆಂಡಿಗೆ 20 ಡಿಗ್ರಿವರೆಗೂ ಹೀಗೆ ಇರಬಹುದು ಎಂದು ಬರೆದೇ ಇದ್ದಾರೆ, ಹಾಗಾಗಿ ಇದು ದೋಷ ಅಲ್ಲ, ಈ ಜಾತಿಯ ಸೆನ್ಸರಿನ ಸ್ವಭಾವ. ಅಲುಗಾಡದೆ ಇಟ್ಟು ಒಂದೆರಡು ಸಾವಿರ ರೀಡಿಂಗು ತಗೊಂಡು ಸರಾಸರಿ ಮಾಡಿ, ಆ ಸರಾಸರಿಯನ್ನು ಪ್ರತಿ ರೀಡಿಂಗಿನಿಂದ ಕಳೆಯುವುದು, ಅಷ್ಟೇ ಪರಿಹಾರ.

ಆದ್ರೆ ಅಂಗಡಿಯಲ್ಲಿ ಹೀಗೆ ಸರಿ ಮಾಡಿಕೊಂಡು ಸುರಂಗಕ್ಕೆ ಹೋದ್ರೆ ಪುನಃ ತಪ್ಪು ಬಂತು. ಯಾಕೆ ಎಂದು ಒಂದು ದಿನ ತಲೆ ಓಡ್ಲಿಲ್ಲ. ಕಡೆಗೆ ಆ ಉಷ್ಣತೆಯ ರೀಡಿಂಗು ನೋಡಿದಾಗ ಗೊತ್ತಾಯ್ತು, ಏಪ್ರಿಲ್ ತಿಂಗಳ ಅಂಗಡಿ, ಮೇಲೆ ತಗಡಿನ ಮಾಡು, ಸುರಂಗದ ಒಳಗೆ ಹೋದ್ರೆ ಮೈ ಜುಂ ಅನ್ನುವ ತಂಪು. ಉಷ್ಣತೆ ಬದಲಾದ್ರೆ ಆ 170 ಎಂಬ ನಂಬರೂ ಬದಲಾಗ್ತದೆ. ಅಂದಿನಿಂದ ಪೆಟ್ಟಿಗೆಯನ್ನು ಆನ್ ಮಾಡಿ ಸುರಂಗದ ಬಾಯಿಯ ಒಳಗೆ ಇಪ್ಪತ್ತು ನಿಮಿಷ ಇಡ್ತೇನೆ, ಚಿಪ್ಪಿನ ಉಷ್ಣತೆ ಏರಿಳಿಯುವುದು ನಿಂತ ಮೇಲೆಯೇ ಸರಾಸರಿ ತೆಗೆಯುವುದು. ಈ ಒಂದು ವಿಷಯ ಯಾರಾದ್ರೂ ಮೊದಲೇ ಹೇಳ್ತಿದ್ರೆ ನನಗೆ ಒಂದು ವಾರ ಉಳೀತಿತ್ತು, ಅದಕ್ಕೇ ಇಲ್ಲಿ ಬರೆದದ್ದು.

ಪವರಿನದ್ದೂ ಒಂದು ಕಥೆ. ಪವರ್ ಬ್ಯಾಂಕ್ ಹಾಕಿದ್ರೆ ಅರ್ಧ ನಿಮಿಷದಲ್ಲಿ ಆಫ್, ಚಿಪ್ಪು ಎಳೆಯುವ ಕರೆಂಟು 4 ಮಿಲಿ ಆಂಪಿಯರ್ ಒಳಗೆ, ನ್ಯಾನೊ ಮತ್ತು ಸಣ್ಣ ಡಿಸ್ಪ್ಲೇ ಸೇರಿದ್ರೂ ಕಡಿಮೆಯೇ, ಪವರ್ ಬ್ಯಾಂಕಿಗೆ ಎಂತದೂ ಕನೆಕ್ಟ್ ಆಗಿಲ್ಲ ಎಂದೇ ಕಾಣ್ತದೆ. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದ ಎರಡು ಸೆಲ್ಲು ಹಾಕಿ ಸರಿ ಮಾಡಿದೆ.

ಸುರಂಗದ ಕೆಲಸ ಮಾಡಿದ ರೀತಿ ಹೇಳ್ತೇನೆ, ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ಹೊರಗೆ, ಬಾಯಿಯ ಎದುರಿಗೆ ಎರಡು ಗೂಟ ಹೊಡೆದು ಹಗ್ಗ ಕಟ್ಟಿದೆವು, ಅದು ನಮ್ಮ ಸೊನ್ನೆ ಡಿಗ್ರಿ, ಈ ಬೋರ್ಡಿಗೆ ಉತ್ತರ ಯಾವುದು ಎಂದು ಗೊತ್ತಿಲ್ಲ, ಎಷ್ಟು ತಿರುಗಿತು ಎಂದು ಮಾತ್ರ ಗೊತ್ತು. ಬೋರ್ಡನ್ನು ಒಂದು ಹಲಗೆಗೆ ಸ್ಕ್ರೂ ಹಾಕಿ, ಹಲಗೆಯ ಉದ್ದಕ್ಕೆ ಒಂದು ಗೀರು ಎಳೆದು, ಪಕ್ಕದಲ್ಲಿ ಮೇಸ್ತ್ರಿಗಳ ಲೆವೆಲ್ ಅಂಟಿಸಿ, ಅದೆಲ್ಲವನ್ನೂ ಮದುವೆ ಫೋಟೋ ತೆಗೆಯುವ ಸ್ನೇಹಿತನ ಹಳೇ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕೂರಿಸಿದೆ. ಸ್ಟ್ಯಾಂಡ್ ಯಾಕೆಂದ್ರೆ ಒಳಗೆ ಪಾದ ಮುಳುಗುವಷ್ಟು ನೀರು ಹರೀತಾ ಇರ್ತದೆ, ಹಲಗೆ ನೆಲಕ್ಕೆ ಇಡುವ ಹಾಗಿಲ್ಲ. ಮೂರು ಮೀಟರ್ ಮುಂದೆ ಹೋಗುವುದು, ಸ್ಟ್ಯಾಂಡ್ ನಿಲ್ಲಿಸುವುದು, ಭಾವ ಹಿಂದಿನ ಜಾಗದಲ್ಲಿ ಟೇಪಿನ ತುದಿ ಹಿಡಿದು ನಿಲ್ಲುವುದು, ನಾನು ಟೇಪು ಎಳೆದು ಹಲಗೆಯ ಗೀರಿನ ಮೇಲೆ ಟೇಪು ಸರೀ ಕೂರುವ ಹಾಗೆ ಹಲಗೆ ತಿರುಗಿಸಿ ಡಿಗ್ರಿ ಬರ್ಕೊಳ್ಳುವುದು. ಸರ್ವೆಯವರು ಚೈನು ಹಿಡಿದು ಮಾಡುವ ಕೆಲಸವೇ ಇದು, ಕೋನ ಮಾತ್ರ ಜೈರೋ ಹೇಳ್ತದೆ.

ಮೊದಲನೇ ಸಲ ಹೀಗೆ ಹೋಗಿ ಅದೇ ದಾರಿಯಲ್ಲಿ ವಾಪಸು ಬಂದು ಹೊರಗಿನ ಹಗ್ಗದ ಮೇಲೆ ಹಲಗೆ ಇಟ್ಟಾಗ ಸೊನ್ನೆ ಬರ್ಬೇಕಿತ್ತು, ಬಂದದ್ದು 11 ಡಿಗ್ರಿ. ಐವತ್ತು ನಿಮಿಷದಲ್ಲಿ ಅಷ್ಟು ಜಾರಿದೆ. ಆಗ ಮಾಡಿದ ಉಪಾಯ ಈ ಇಡೀ ಕೆಲಸದ ಜೀವಾಳ. ಸ್ಟ್ಯಾಂಡ್ ಅಲುಗಾಡದೆ ನಿಂತಿರುವಾಗ ಬೋರ್ಡು ತಿರುಗ್ತಾ ಇಲ್ಲ ಎಂದು ನಮಗೆ ಖಂಡಿತ ಗೊತ್ತುಂಟು ಅಲ್ವಾ, ಆಗ ಅದು ಎಂತ ತೋರಿಸಿದ್ರೂ ಅದು ಪೂರಾ ತಪ್ಪೇ. ಹಾಗಾಗಿ ಪ್ರತಿ ನಿಲ್ದಾಣದಲ್ಲಿ ಹದಿನೈದು ಸೆಕೆಂಡು ಕೈ ತೆಗೆದು ನಿಲ್ಲುವುದು, ಆ ಹೊತ್ತಿನಲ್ಲಿ ಪ್ರೋಗ್ರಾಂ ಡಿಗ್ರಿ ಕೂಡಿಸುವುದನ್ನು ನಿಲ್ಲಿಸಿ ಹೊಸ ಸರಾಸರಿ ತಗೊಳ್ತದೆ, ಮುಂದಿನ ಮೂರು ಮೀಟರಿಗೆ ಆ ಹೊಸ ಸರಾಸರಿ. ಅಂದ್ರೆ ತಪ್ಪು ಬೆಳೀಲಿಕ್ಕೆ ಸಿಗುವ ಸಮಯ ನಾವು ನಡೆಯುವ, ಹಲಗೆ ತಿರುಗಿಸುವ ಕೆಲವು ಸೆಕೆಂಡು ಮಾತ್ರ. ಬೂಟಿಗೆ ಸೆನ್ಸರ್ ಕಟ್ಟಿ ನಡೆಯುವವರ ದಾರಿ ಹಿಡಿಯುವ ಸಾಧನಗಳಲ್ಲೂ ಇದೇ ಯುಕ್ತಿ ಉಂಟು, ಪ್ರತಿ ಹೆಜ್ಜೆಯಲ್ಲಿ ಪಾದ ನೆಲಕ್ಕೆ ಊರಿದ ಆ ಕ್ಷಣ ವೇಗ ಸೊನ್ನೆ ಎಂದು ಹಿಡಿದು ತಪ್ಪನ್ನು ತೊಳೆದು ಹಾಕ್ತಾರೆ. ಎರಡನೇ ಸಲ ಹೀಗೆ ಮಾಡಿ ಹೊರಗೆ ಬಂದಾಗ ಉಳಿದ ತಪ್ಪು 2 ಡಿಗ್ರಿ. 62 ಮೀಟರ್ ಉದ್ದಕ್ಕೆ 2 ಡಿಗ್ರಿ ಅಂದ್ರೆ ತುದಿಯಲ್ಲಿ ಎರಡು ಮೀಟರ್ ಆಸುಪಾಸು. ಬೋರ್‌ವೆಲ್ಲಿನ ಪಾಯಿಂಟ್ ಬದಲಿಸ್ಲಿಕ್ಕೆ ಅಷ್ಟು ಸಾಕು.

ನಕ್ಷೆ ಬಂದದ್ದು ಹೀಗೆ, ಬಾಯಿಯಿಂದ 36 ಮೀಟರ್ ಹೆಚ್ಚುಕಮ್ಮಿ ನೇರ, ಅಲ್ಲಿ ಬಲಕ್ಕೆ 34 ಡಿಗ್ರಿ ತಿರುವು, ಅಲ್ಲಿಂದ 26 ಮೀಟರ್. ಅಂದ್ರೆ ತುದಿಯ ಒರತೆ ನಾವೆಲ್ಲ ಎಣಿಸಿದ್ದ ನೇರ ಗೆರೆಯಿಂದ ಹದಿನಾಲ್ಕೂವರೆ ಮೀಟರ್ ಬಲಕ್ಕುಂಟು. ಅಪ್ಪ ಇಷ್ಟು ವರ್ಷ ಆ ಹಲಸಿನ ಮರದ ಅಡಿಯಲ್ಲಿ ಎಂದೇ ಹೇಳ್ತಿದ್ದದ್ದು. ಗುಡ್ಡೆಯ ಮೇಲೆ ಅಳತೆ ಹಾಕಿ ಗೂಟ ಹೊಡೀತಾ ಹೋದಾಗ ನಮ್ಮ ಕೊನೆಯ ಗೂಟ ಆಚೆಮನೆಯವರ ಬೋರ್ ಗೂಟಕ್ಕೆ ನಾಲ್ಕೇ ಮೀಟರ್ ದೂರದಲ್ಲಿ ಬಂದು ನಿಂತಿತು. ಅಪ್ಪ ಅಲ್ಲೇ ಕಲ್ಲಿನ ಮೇಲೆ ಕೂತ್ರು, ಎಂತದೂ ಮಾತಾಡ್ಲಿಲ್ಲ.

ಸೆನ್ಸರನ್ನು ಮಾತ್ರ ನಂಬಿ ಆಚೆಯವರಿಗೆ ಹೇಳುವುದು ಸರಿಯಲ್ಲ ಎಂದು ನಾವು ಒಂದು ಪರೀಕ್ಷೆ ಮಾಡಿದೆವು. ನಾನು ಒಳಗೆ ತುದಿಯಲ್ಲಿ ನಿಂತೆ, ಭಾವ ತಿರುವಿನ ಹತ್ರ, ಹೊರಗೆ ಬಾಯಿಯಲ್ಲಿ ಅಕ್ಕ, ಮೇಲೆ ಆಚೆಮನೆಯ ಹುಡುಗ ಒನಕೆ ಹಿಡ್ಕೊಂಡು ಗೂಟದ ಸುತ್ತ ಒಂದೊಂದು ಮೀಟರ್ ಬಿಟ್ಟು ಮೂರು ಮೂರು ಪೆಟ್ಟು ಕುಟ್ಟುವುದು. ಅಲ್ಲಿ ಮೇಲಿನ ಮಣ್ಣು ಸಾಧಾರಣ 20 ಅಡಿ ಇರಬಹುದು. ಟಾರ್ಚು ಆಫ್ ಮಾಡಿದೆ. ನೀರು ತೊಟ್ಟಿಕ್ಕುವುದು, ನನ್ನ ಉಸಿರು, ಬೇರೆ ಎಂತದೂ ಇಲ್ಲ. ಮೊದಲು ಎಲ್ಲೋ ದೂರದಲ್ಲಿ ಬಾಗಿಲು ತಟ್ಟಿದ ಹಾಗೆ, ಮತ್ತೆ ಸ್ವಲ್ಪ ಹತ್ರ, ಆಮೇಲೆ ಒಂದು ಸಲ ನೆತ್ತಿಯ ಮೇಲೆಯೇ ಧಂ ಎಂದು ಬಂತು, ಮೇಲಿನಿಂದ ಚೂರು ಮಣ್ಣು ಕುತ್ತಿಗೆಗೆ ಉದುರಿತು. ನಾನು ಕೂಗಿದೆ, ಭಾವ ಕೂಗಿದ, ಅಕ್ಕ ಹೊರಗಿನಿಂದ ಮೇಲಕ್ಕೆ ಕೂಗಿದಳು. ಆ ಜಾಗ ನಮ್ಮ ಗೂಟದಿಂದ ಒಂದೂಕಾಲು ಮೀಟರ್. ಆಚೆಮನೆಯವರು ಆ ದಿನವೇ ಅವರ ಗೂಟ ಕಿತ್ತರು.

ಇದಕ್ಕಿಂತ ಒಳ್ಳೆಯದು ಬೇಕಾದವರಿಗೆ ಬಾಷ್ ಕಂಪೆನಿಯ ಬಿಎನ್ಒ055 ಉಂಟು, ಜೈರೋ, ಆಕ್ಸಿಲರೋಮೀಟರ್, ದಿಕ್ಸೂಚಿ ಮೂರೂ ಸೇರಿ, ಲೆಕ್ಕ ಮಾಡುವ ಪ್ರೊಸೆಸರ್ ಸಹ ಅದರೊಳಗೇ, ಸೆಕೆಂಡಿಗೆ ನೂರು ಸಲ ತಯಾರಾದ ಕೋನವನ್ನೇ ಕೊಡ್ತದೆ, ರೇಟು ಹತ್ತು ಪಟ್ಟಿನ ಮೇಲೆ. ಬಯಲಿನಲ್ಲಿ ಕೆಲಸ ಮಾಡುವವರು ಅದನ್ನೇ ತಗೊಳ್ಳಿ, ಲೆಕ್ಕದ ತಲೆಬಿಸಿ ಇಲ್ಲ. ನಮ್ಮ ಸುರಂಗಕ್ಕೆ ನಾನು ಅದನ್ನು ಆರಿಸ್ಲಿಕ್ಕಿಲ್ಲ, ದಿಕ್ಸೂಚಿಯನ್ನು ನಂಬಿ ಕೋನ ತಿದ್ದುವ ಸೆನ್ಸರಿಗೆ ಕಬ್ಬಿಣದ ಮಣ್ಣಿನ ನಡುವೆ, ಪಿಕ್ಕಾಸಿನ ಪಕ್ಕದಲ್ಲಿ ಕೆಲಸ ಕೊಡುವುದು ನನಗೆ ಸರಿ ಕಾಣುವುದಿಲ್ಲ. ದಿಕ್ಸೂಚಿ ಇಲ್ಲದ ಈ ಬಡ ಬೋರ್ಡು ತನ್ನ ತಪ್ಪನ್ನು ಮಾತ್ರ ಮಾಡ್ತದೆ, ಕಲ್ಲಿನ ತಪ್ಪನ್ನು ಸೇರಿಸುವುದಿಲ್ಲ. ಇದಕ್ಕಿಂತ ಬಹಳ ಮೇಲಿನದ್ದೂ ಉಂಟು, ವಿಮಾನದಲ್ಲಿ ಇರುವ ಲೇಸರ್ ಜೈರೋಗಳು ಗಂಟೆಗೆ ಡಿಗ್ರಿಯ ನೂರರ ಒಂದು ಪಾಲಿನಷ್ಟೇ ಜಾರ್ತವೆ, ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದು ಕೂಡ ಅವಕ್ಕೆ ಸ್ಪಷ್ಟ ಗೊತ್ತಾಗ್ತದೆ, ಹಾಗಾಗಿ ಉತ್ತರ ಯಾವ ಕಡೆ ಎಂದು ಅವು ತಾವೇ ಹುಡುಕ್ತವೆ. ನಮ್ಮ ಬೋರ್ಡಿಗೆ ಅದು ಗದ್ದಲದ ನಡುವೆ ಪಿಸುಮಾತು. ಇಸ್ರೋದ ರಾಕೆಟ್ಟುಗಳಿಗೆ ಬೇಕಾದ ಇಂಥ ವ್ಯವಸ್ಥೆಗಳನ್ನು ನಮ್ಮದೇ ಕೇರಳದ ಇನ್ನೊಂದು ತುದಿಯಲ್ಲಿ, ತಿರುವನಂತಪುರದ ಇನರ್ಶಿಯಲ್ ಸಿಸ್ಟಮ್ಸ್ ಯುನಿಟ್ಟಿನಲ್ಲಿ ತಯಾರು ಮಾಡ್ತಾರೆ, ಸಿಲಿಕಾನಿನಲ್ಲಿ ಪುಟ್ಟ ಸೆನ್ಸರ್ ಕೆತ್ತುವ ಸಂಶೋಧನೆ ಬೆಂಗಳೂರಿನ ಐಐಎಸ್‌ಸಿಯಲ್ಲೂ ನಡೀತದೆ. ನಮ್ಮ ಕಾಸರಗೋಡಿನ ಮಕ್ಕಳು ಇಂಜಿನಿಯರಿಂಗ್ ಸೇರಿದ್ರೆ ಮೊಬೈಲ್ ಆ್ಯಪ್ ಮಾಡುವುದನ್ನೇ ನೋಡ್ತಾರೆ, ಈ ಕಡೆಗೂ ಒಂದು ಕಣ್ಣು ಹಾಕ್ಬೇಕು ಎಂದು ನನಗೆ ಮನಸ್ಸಿನಿಂದ ಅನ್ನಿಸ್ತದೆ.

ಮಾರ್ಕು ಕೊಡುವುದಾದ್ರೆ ತಿರುವು ಅಳೀಲಿಕ್ಕೆ ಐದರಲ್ಲಿ ನಾಲ್ಕು, ದೂರ ಅಳೀಲಿಕ್ಕೆ ಸೊನ್ನೆ. ತಗೊಳ್ಳುವಾಗ ಒಂದರ ಬದಲು ಎರಡು ತಗೊಳ್ಳಿ, ಎರಡನ್ನೂ ಒಂದೇ ಹಲಗೆಗೆ ಹಾಕಿ, ಒಂದರ ಎಡಿ0 ಪಿನ್ನನ್ನು 3.3 ವೋಲ್ಟ್ ಪಾಸಿಟಿವಿಗೆ ಕೊಟ್ರೆ ಅದರ ವಿಳಾಸ ಹೆಕ್ಸ್ 69 ಆಗ್ತದೆ, ಎರಡೂ ಒಂದೇ ವಯರಿನಲ್ಲಿ ಓಡ್ತವೆ, ಎರಡರ ಉತ್ತರ ಬೇರೆ ಬೇರೆ ಬಂದ್ರೆ ಎಲ್ಲೋ ತಪ್ಪುಂಟು ಎಂದು ಕೂಡ್ಲೇ ಗೊತ್ತಾಗ್ತದೆ. ಚಿಪ್ಪಿನೊಳಗೆ ವೇಗದ ನಡುಕವನ್ನು ಸೋಸಿ ತೆಗೆಯುವ ಡಿಜಿಟಲ್ ಲೋ ಪಾಸ್ ಫಿಲ್ಟರನ್ನು ಕಡಿಮೆಗೆ ಇಡಿ, ನಮ್ಮ ನಿಧಾನದ ಕೆಲಸಕ್ಕೆ ಹೆಚ್ಚಿನ ವೇಗ ಬೇಡ. ಬೋರ್ಡಿನ ಮೇಲೆ ನೀರು ತೊಟ್ಟಿಕ್ಕದ ಹಾಗೆ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಬೇಕು, ಆದ್ರೆ ಬಿಗಿಯಾಗಿ ಮುಚ್ಚಿದ್ರೆ ಒಳಗೆ ಬಿಸಿ ಏರ್ತದೆ, ಉಷ್ಣತೆ ನಿಲ್ಲುವವರೆಗೆ ಕಾಯಿರಿ.

ಸುರಂಗಕ್ಕೆ ಒಬ್ಬರೇ ಹೋಗ್ಬೇಡಿ, ಕೈಯಲ್ಲಿ ಎಷ್ಟು ಒಳ್ಳೆಯ ಟಾರ್ಚಿದ್ರೂ ಮೇಣದ ಬತ್ತಿ ಹೊತ್ತಿಸಿಕೊಂಡೇ ಹೋಗಿ, ಉಸಿರಾಡುವ ಗಾಳಿ ಕಡಿಮೆ ಆದ್ರೆ ಜ್ವಾಲೆ ಸಣ್ಣ ಆಗ್ತದೆ. ನಮ್ಮದರಲ್ಲಿ 36 ಮೀಟರಿನ ತಿರುವಿನ ಹತ್ರ ಎಡಕ್ಕೆ ಒಂದು ಸಣ್ಣ ಕವಲುಂಟು, ಅದನ್ನೂ ಅಳೆಯುವ ಎಂದು ಎರಡು ನಿಲ್ದಾಣ ಒಳಗೆ ಹೋಗಿದ್ದೆವು, ಜ್ವಾಲೆ ಸಣ್ಣ ಆಗಿ ನೀಲಿ ಬಂತು. "ಭಾವ, ಸಾಕು, ಹೆರ ಹೋಪ" ಎಂದ ಭಾವ, ಸ್ಟ್ಯಾಂಡ್ ಎತ್ತಿಕೊಂಡು ಕೂಡ್ಲೇ ಬಂದೆವು. ಆ ಆರು ಮೀಟರಿನಾಚೆ ನಕ್ಷೆಯಲ್ಲಿ ಖಾಲಿ ಬಿಟ್ಟಿದ್ದೇನೆ. ಅಪ್ಪ ಆ ನಕ್ಷೆಯನ್ನು ಜಾಗದ ಆಧಾರದ ಫೈಲಿನಲ್ಲಿ ಇಟ್ಟಿದ್ದಾರೆ, ಬರುವ ಬೇಸಗೆಯಲ್ಲಿ ಬಾಯಿಯಿಂದ ಒಳಗೆ ಗಾಳಿ ಹಾಕುವ ಒಂದು ಫ್ಯಾನ್ ಇಟ್ಟು ಕವಲಿನದ್ದು ಮುಗಿಸ್ಬೇಕು, ಫ್ಯಾನಿನ ನಡುಕ ಸ್ಟ್ಯಾಂಡಿಗೆ ತಾಗದ ಹಾಗೆ ಎಷ್ಟು ದೂರ ಇಡ್ಬೇಕು ಎಂಬುದು ಇನ್ನು ಅಂಗಡಿಯಲ್ಲಿ ನೋಡ್ಲಿಕ್ಕುಂಟು.